ಮೊಬೈಲಿನ ಹಾಡು ಸಾಕೇ, ನಾನೇ ಹಾಡಬೇಕೇ?

ಪ್ರಶ್ನೆ: ನನ್ನ ತವರು ಕಾರವಾರ, ಮನೆಮಾತು ಕೊಂಕಣಿ. ಮದುವೆಯಾಗಿ ಶಿರಸಿ ಸಮೀಪದ ಹಳ್ಳಿಗೆ ಬಂದಿದ್ದೇನೆ. ಇಲ್ಲಿ ಮನೆಯವರೆಲ್ಲರ ಮಾತು ಕನ್ನಡ. ಮಗಳಿಗೆ 14 ತಿಂಗಳು. ತೊಟ್ಟಿಲು ತೂಗುವಾಗ ಅತ್ತೆಯವರು ಜೋಗುಳ ಹಾಡುತ್ತಾರೆ. ನನ್ನ ಕಂಠ ಚೆನ್ನಾಗಿಲ್ಲ, ಶ್ರುತಿಯೂ ನಿಲ್ಲುವುದಿಲ್ಲ. ಹೀಗಾಗಿ ಮೊಬೈಲಿನಲ್ಲಿ ಶಿಶುಗೀತೆಗಳನ್ನು ಹಾಕಿಕೊಡುತ್ತೇನೆ. ಅವಳು ಅಲುಗಾಡದೆ ನೋಡುತ್ತಾಳೆ. ಇದರಿಂದ ಅಷ್ಟೇ ಪ್ರಯೋಜನವಿಲ್ಲವೇ? ನಾನು ಕೊಂಕಣಿಯಲ್ಲಿ ಹಾಡಿದರೆ ಮಗುವಿಗೆ ಗೊಂದಲವಾಗುತ್ತದೆಯೇ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಮಗು ಅಲುಗಾಡದೆ ನೋಡುತ್ತದೆ ಎಂಬುದನ್ನು ನೀವು ಒಳ್ಳೆಯ ಲಕ್ಷಣವೆಂದು ಬರೆದಿದ್ದೀರಿ. ನನಗೆ ಯೋಚನೆ ಹುಟ್ಟಿಸಿದ್ದು ಅದೇ ಮಾತು. ಈ ವಯಸ್ಸಿನ ಮಗು ಹಾಡು ಕೇಳಿದಾಗ ಮೈ ತೂಗಬೇಕು, ಕೈ ತಟ್ಟಬೇಕು, ಹಾಡುವವರ ಬಾಯಿ ನೋಡಿ ತಾನೂ ಏನಾದರೊಂದು ಸ್ವರ ಹೊರಡಿಸಬೇಕು. ಹಾಡಿನಿಂದ ಮಗುವಿಗೆ ಸಿಗುವ ಲಾಭದ ಬಹುಪಾಲು ಈ ಕೊಡುಕೊಳ್ಳುವಿಕೆಯಲ್ಲಿದೆ.

ಮೊದಲು ಕಂಠದ ಸಂಕೋಚವನ್ನು ಬಿಡಿ. ಗರ್ಭದ ಕೊನೆಯ ತಿಂಗಳುಗಳಲ್ಲೇ ಶಿಶುವಿಗೆ ಹೊರಗಿನ ಧ್ವನಿ ಕೇಳಿಸುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ತಾಯಿಯ ಧ್ವನಿಯನ್ನು ಬೇರೆ ಹೆಂಗಸರ ಧ್ವನಿಯಿಂದ ಬೇರ್ಪಡಿಸಿ ಗುರುತಿಸುತ್ತದೆ. ನಿಮ್ಮ ಮಗಳಿಗೆ ಅತ್ಯಂತ ಹಳೆಯ ಪರಿಚಯದ ಧ್ವನಿ ನಿಮ್ಮದೇ. ಅಂಕೋಲೆಯ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ತಂದುಕೊಟ್ಟ ಹಾಡುಗಳು ಸಂಗೀತ ಶಾಲೆಯಲ್ಲಿ ಕಲಿತವಲ್ಲ, ಮನೆಯ ಹೆಂಗಸರ ಬಾಯಿಂದ ಬಂದವು ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಇನ್ನು ಭಾಷೆಯ ಬೆಳವಣಿಗೆ. ನಾವಾಡುವ ಮಾತಿನಲ್ಲಿ ಪದಪದಗಳ ನಡುವೆ ಬಿಡುವಿರುವುದಿಲ್ಲ; ಎಲ್ಲವೂ ಒಂದೇ ಪ್ರವಾಹವಾಗಿ ಮಗುವಿನ ಕಿವಿಗೆ ಬೀಳುತ್ತದೆ. ಯಾವ ಅಕ್ಷರಗಳು ಮತ್ತೆ ಮತ್ತೆ ಜೊತೆಯಾಗಿಯೇ ಬರುತ್ತವೆ ಎಂಬುದನ್ನು ಗಮನಿಸಿ ಮಗು ಪದಗಳನ್ನು ಬಿಡಿಸಿಕೊಳ್ಳುತ್ತದೆ. 8 ತಿಂಗಳ ಶಿಶುಗಳು ಕೇವಲ 2 ನಿಮಿಷ ಕೇಳಿ ಇದನ್ನು ಮಾಡಬಲ್ಲವೆಂದು 1996ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಹಾಡು ಈ ಕೆಲಸವನ್ನು ಹಗುರಗೊಳಿಸುತ್ತದೆ: ಸ್ವರಗಳು ದೀರ್ಘವಾಗುತ್ತವೆ, ಗತಿ ನಿಧಾನವಾಗುತ್ತದೆ, ಪ್ರಾಸವಿರುವಲ್ಲಿ ಮುಂದೇನು ಬರುತ್ತದೆಂದು ಊಹಿಸುವುದು ಸಾಧ್ಯವಾಗುತ್ತದೆ.

ಆ ಊಹೆಗೆ ನೀವು ಜಾಗ ಬಿಡಬೇಕು. ಬಚ್ಚಲಲ್ಲಿ ಮಗುವಿಗೆ ಎಣ್ಣೆ ಹಚ್ಚಿ ನೀರು ಹೊಯ್ಯುವಾಗ ‘ಕೈಗೆ ನೀರು, ಕಾಲಿಗೆ ನೀರು, ಹೊಟ್ಟೆಗೊಂದು ತಂಬಿಗೆ ನೀರು’ ಎಂದು ನಿಮಗೆ ತೋಚಿದ ಧಾಟಿಯಲ್ಲಿ ದಿನವೂ ಹಾಡಿ. ವಾರ ಕಳೆದ ಮೇಲೆ ತಂಬಿಗೆಯನ್ನು ಎತ್ತಿ ಹಿಡಿದು, ಕೊನೆಯ ಪದವನ್ನು ಹೇಳದೆ, ಅವಳ ಮುಖ ನೋಡುತ್ತ ಸುಮ್ಮನಿರಿ. ಅವಳು ಹೊಟ್ಟೆ ಮುಂದೆ ಮಾಡಬಹುದು, ಕಾಲು ಬಡಿಯಬಹುದು, ‘ನೀ’ ಎನ್ನಬಹುದು. ಯಾವುದಾದರೂ ಸರಿ, ಅದೇ ಉತ್ತರವೆಂದು ತಿಳಿದು ನೀರು ಹೊಯ್ಯಿರಿ. ಸರದಿಯ ಮೇಲೆ ಮಾತಾಡುವ ಕ್ರಮ, ನೆನಪು, ದೇಹದ ಅಂಗಗಳ ಹೆಸರು ಎಲ್ಲವೂ ಆ ಕ್ಷಣದಲ್ಲಿ ಒಟ್ಟಿಗೇ ಅಭ್ಯಾಸವಾಗುತ್ತವೆ. ಮೊಬೈಲು ಹಾಗೆ ಕಾಯುವುದಿಲ್ಲ. ಮಗು ಉತ್ತರಿಸಲಿ ಬಿಡಲಿ, ಅದು ಮುಂದಿನ ಹಾಡಿಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯೂ 1 ವರ್ಷದ ಮಕ್ಕಳಿಗೆ ಕೂತು ಪರದೆ ನೋಡುವುದನ್ನು ಸೂಚಿಸುವುದಿಲ್ಲ; 2 ವರ್ಷವಾದ ಮೇಲೂ ದಿನಕ್ಕೆ 1 ಗಂಟೆಯೊಳಗೇ ಇರಲಿ ಎನ್ನುತ್ತದೆ. ಕಾರವಾರದ ಅಜ್ಜಿ ವಿಡಿಯೊ ಕರೆಯಲ್ಲಿ ಹಾಡುವುದಾದರೆ ಅದು ಬೇರೆ ಮಾತು, ಏಕೆಂದರೆ ಅಜ್ಜಿ ಮಗುವಿಗೆ ಮರುನುಡಿಯುತ್ತಾರೆ, ನೀವು ಪಕ್ಕದಲ್ಲಿದ್ದರಾಯಿತು.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಿಸಿದರೆ ಮಗುವಿನ ಬುದ್ಧಿ ಚುರುಕಾಗುತ್ತದೆಂದು ಯಾರಾದರೂ ಹೇಳಿದರೆ ಹಣ ಖರ್ಚು ಮಾಡಬೇಡಿ. ಆ ನಂಬಿಕೆಗೆ ಮೂಲವಾದ 1993ರ ಪ್ರಯೋಗ ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ, ಕಂಡ ಪರಿಣಾಮವೂ ಕೆಲವು ನಿಮಿಷಗಳದ್ದು.

ಕೊಂಕಣಿಯಲ್ಲಿ ಧಾರಾಳವಾಗಿ ಹಾಡಿ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಅತ್ತೆಯವರಿಂದ ‘ನೀರು’, ನಿಮ್ಮಿಂದ ‘ಉದಾಕ’ ಕಲಿತರೆ ಅವಳ ಲೆಕ್ಕದಲ್ಲಿ ಅವು ಎರಡು ಪದಗಳು; ಮಗುವಿನ ಪದಸಂಪತ್ತನ್ನು ಎಣಿಸುವಾಗ ಎರಡೂ ಭಾಷೆಯವನ್ನು ಕೂಡಿಸಿಯೇ ಎಣಿಸಬೇಕು. ನಿದ್ದೆಗೆ ಅತ್ತೆಯವರ ಜೋಗುಳವಿರಲಿ, ಎಚ್ಚರದ ಆಟಕ್ಕೆ ನಿಮ್ಮ ಹಾಡು ಇರಲಿ. ಒಂದು ಸಮಾಧಾನಪಡಿಸುತ್ತದೆ, ಇನ್ನೊಂದು ಚುರುಕುಗೊಳಿಸುತ್ತದೆ. ಮಗುವಿಗೆ ಎರಡೂ ಬೇಕು.

ಒಂದು ವಿಷಯವನ್ನು ಮಾತ್ರ ಈಗಲೇ ನೋಡಿಕೊಳ್ಳಿ. ಮೊಬೈಲು ದೂರವಿಟ್ಟು, ಅವಳಿಗೆ ಕಾಣದಂತೆ ಹಿಂದೆ ನಿಂತು ಮೆಲ್ಲಗೆ ಹಾಡಿ ಅಥವಾ ಹೆಸರು ಹಿಡಿದು ಕರೆಯಿರಿ. ಹಲವು ಸಲ ಕರೆದರೂ ತಿರುಗದಿದ್ದರೆ, ‘ಬಬಬ’, ‘ದದದ’ ಎಂಬ ತೊದಲೂ ಇನ್ನೂ ಬಂದಿರದಿದ್ದರೆ, ಕಿವಿಯ ಪರೀಕ್ಷೆ ಮಾಡಿಸಬೇಕು. ಅಂಗನವಾಡಿಗೆ ಭೇಟಿ ಕೊಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶ್ರವಣದೋಷವನ್ನೂ ತಪಾಸಣೆ ಮಾಡುತ್ತದೆ; ಹೆಚ್ಚಿನ ಪರೀಕ್ಷೆ ಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹಾಡುತ್ತ ಹೋದರೆ ತಾನಾಗಿ ಸರಿಹೋದೀತೆಂದು ಆಗ ತಿಂಗಳುಗಟ್ಟಲೆ ಕಾಯಬಾರದು.