ಪರಮಗೀತ: ನಲ್ಲ ಯಾರು?

ಪ್ರಶ್ನೆ: ಬೈಬಲಿನ ಪರಮಗೀತವನ್ನು ಶರಣಸತಿ–ಲಿಂಗಪತಿ ಭಾವದಲ್ಲಿ ಓದಬಹುದೇ?
– ಓದುಗರೊಬ್ಬರು, ಬಸವಕಲ್ಯಾಣ, ಬೀದರ್ ಜಿಲ್ಲೆ

ಉತ್ತರ: ಓದಬಹುದು, ಆದರೆ ಒಂದು ವ್ಯತ್ಯಾಸ ಮರೆಯಬೇಡಿ. ಶರಣಸತಿ ಭಾವದಲ್ಲಿ ಭಕ್ತರು ಹೆಂಡತಿ, ಶಿವನೇ ಗಂಡ; ತನ್ನ ಗಂಡ ಚೆನ್ನಮಲ್ಲಿಕಾರ್ಜುನನೆಂದು (ಶಿವನೆಂದು) ಅಕ್ಕಮಹಾದೇವಿ ತಾನೇ ಹೇಳುತ್ತಾಳೆ. ಇಬ್ಬರು ಪ್ರೇಮಿಗಳ ಹಾಡಾದ ಪರಮಗೀತದ 8 ಅಧ್ಯಾಯ, 117 ವಚನಗಳಲ್ಲಿ (ಬೈಬಲಿನಲ್ಲೂ ‘ವಚನ’ವೆಂದೇ ಕರೆಯುತ್ತಾರೆ) ನಲ್ಲನೇ ದೇವರೆಂದು ಎಲ್ಲೂ ಇಲ್ಲ. ಆ ಅರ್ಥ ಪರಂಪರೆ ಕೊಟ್ಟದ್ದು. ಯೆಹೂದ್ಯರಿಗೆ ನಲ್ಲ ದೇವರು, ನಲ್ಲೆ ಇಸ್ರಾಯೇಲ್ ಜನ; ಅದಕ್ಕೇ ಅನೇಕರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯನ್ನು ನೆನೆಯುವ ಪಸ್ಕ ಹಬ್ಬದಲ್ಲಿ ಇದನ್ನು ಓದುತ್ತಾರೆ. ಕ್ರೈಸ್ತರಿಗೆ ನಲ್ಲ ಕ್ರಿಸ್ತ, ನಲ್ಲೆ ಸಭೆ, ಅಂದರೆ ಕ್ರೈಸ್ತ ಭಕ್ತರ ಸಮುದಾಯ. 3ನೇ ಶತಮಾನದ ಕ್ರೈಸ್ತ ವಿದ್ವಾಂಸ ಒರಿಗೆನ್ ಒಬ್ಬೊಬ್ಬರ ಆತ್ಮವನ್ನೂ ವಧುವೆಂದ. ಶರಣಸತಿಗೆ ತೀರ ಹತ್ತಿರದ್ದು ಇದೇ.

ಎಡವುವುದು ಎಲ್ಲಿ? 1:2 (1ನೇ ಅಧ್ಯಾಯ, 2ನೇ ವಚನ) ನೋಡಿ. ‘ನಿನ್ನ ಪ್ರೀತಿ ದ್ರಾಕ್ಷಾರಸಕ್ಕಿಂತ ಉತ್ತಮ’ ಎಂಬಲ್ಲಿನ ಹೀಬ್ರೂ ಪದವನ್ನು ಮೊದಲು ಬರೀ ವ್ಯಂಜನಗಳಲ್ಲಿ ಬರೆಯುತ್ತಿದ್ದರು. ಸ್ವರ ಬದಲಿಸಿದರೆ ಅದೇ ‘ನಿನ್ನ ಸ್ತನಗಳು’. ಹಳೆಯ ಗ್ರೀಕ್, ಲ್ಯಾಟಿನ್ ಅನುವಾದಗಳು ಹಾಗೆಯೇ ಓದಿದವು. ಒರಿಗೆನ್ ಅದನ್ನು ಕ್ರಿಸ್ತನ ಹೃದಯದ ಜ್ಞಾನವೆಂದು ಬಿಡಿಸಿದ. 4:5ರ ಜೋಡಿ ಸ್ತನಗಳು ಯೆಹೂದಿ ವ್ಯಾಖ್ಯಾನದಲ್ಲಿ ಇಸ್ರಾಯೇಲರನ್ನು ಮುನ್ನಡೆಸಿದ ಸೋದರರಾದ ಮೋಶೆ, ಆರೋನರು!

ನಮ್ಮ ಸಲಹೆ: ಮೊದಲು ಪೆನ್ಸಿಲ್ ಹಿಡಿದು, ಮಾತು ಹೆಣ್ಣಿನದೋ ಗಂಡಿನದೋ ಗುರುತು ಹಾಕಿ. ಹೀಬ್ರೂವಿನ ‘ನೀನು’ ಲಿಂಗ ತೋರಿಸುತ್ತದೆ, ಕನ್ನಡದ್ದು ತೋರಿಸದು. 1:15ರಲ್ಲಿ ಅವನು, 1:16ರಲ್ಲಿ ಅವಳು. ಪ್ರೇಮಿಗಳ ಮಾತು ಕಿವಿಗೆ ಬಿದ್ದ ಮೇಲೆಯೇ ವ್ಯಾಖ್ಯಾನ ತೆರೆಯಿರಿ.