ಕಡ್ಡಾಯ ಸೈನಿಕನ ಬಂದೂಕು ಯಾರ ಕಡೆ?

ಪ್ರಶ್ನೆ: ಜನ ದಂಗೆಯೆದ್ದಾಗ ಕಡ್ಡಾಯವಾಗಿ ಸೇನೆಗೆ ಸೇರಿಸಿಕೊಂಡ ಸೈನಿಕರು ತಮ್ಮವರ ಮೇಲೆಯೇ ಗುಂಡು ಹಾರಿಸುವುದಿಲ್ಲ, ಆದ್ದರಿಂದ ಕಡ್ಡಾಯ ಸೈನಿಕ ಸೇವೆ ಇರುವ ದೇಶದಲ್ಲಿ ಸರ್ವಾಧಿಕಾರ ಬಹುಕಾಲ ಬಾಳದು ಎಂಬ ವಾದವನ್ನು ಕೇಳಿದ್ದೇನೆ. ಇದರಲ್ಲಿ ಎಷ್ಟು ಸತ್ಯವಿದೆ?

ಉತ್ತರ: ವಾದದ ಮೊದಲ ಭಾಗಕ್ಕೆ ಚರಿತ್ರೆಯಲ್ಲಿ ಆಧಾರಗಳು ಸಿಗುತ್ತವೆ. ಎರಡನೆಯ ಭಾಗವನ್ನು ನಾನು ಒಪ್ಪಲಾರೆ.

ಈ ವಾದ ಹೂಡುವವರೆಲ್ಲ ಮೊದಲು ಹೆಸರಿಸುವುದು 1917ರ ಪೆಟ್ರೋಗ್ರಾಡ್ ನಗರವನ್ನು, ಅಂದರೆ ಆಗಿನ ರಷ್ಯದ ರಾಜಧಾನಿಯನ್ನು. ಹಳೆಯ ರಷ್ಯನ್ ಪಂಚಾಂಗದ ಪ್ರಕಾರ ಫೆಬ್ರವರಿ 26ರ ಭಾನುವಾರ, ವೊಲಿನ್‌ಸ್ಕಿ ರೆಜಿಮೆಂಟಿನ ತರಬೇತಿ ತುಕಡಿಯು ಜ್ನಾಮೆನ್‌ಸ್ಕಾಯಾ ಚೌಕದಲ್ಲಿ ನೆರೆದಿದ್ದ ಜನರ ಮೇಲೆ ಅಧಿಕಾರಿಗಳ ಆಜ್ಞೆಯಂತೆ ಗುಂಡು ಹಾರಿಸಿ ಹಲವರನ್ನು ಕೊಂದಿತು. ಆ ರಾತ್ರಿ ಬ್ಯಾರಕ್ಕಿನಲ್ಲಿ ಕಿರ್ಪಿಚ್ನಿಕೋವ್ ಎಂಬ ಸಾರ್ಜೆಂಟ್ ಮತ್ತು ಅವನ ಜೊತೆಗಾರರು ಕೂತು ಮಾತಾಡಿ, ನಾಳೆ ಹೊರಗೆ ಹೋಗುವುದಿಲ್ಲವೆಂದು ನಿರ್ಧರಿಸಿದರು. ಬೆಳಿಗ್ಗೆ ಬಂದ ಕ್ಯಾಪ್ಟನ್ ಲಾಶ್ಕೆವಿಚ್ ಗುಂಡೇಟಿಗೆ ಬಲಿಯಾದ. ತುಕಡಿಯು ಅಕ್ಕಪಕ್ಕದ ಬ್ಯಾರಕ್ಕುಗಳಿಗೆ ಹೋಗಿ ಉಳಿದವರನ್ನೂ ಎಬ್ಬಿಸಿತು. ವಾರ ಕಳೆಯುವುದರೊಳಗೆ ಜಾರ್ ಸಿಂಹಾಸನ ಬಿಟ್ಟಿದ್ದ. ಇಲ್ಲಿ ಸಾಮಾನ್ಯವಾಗಿ ಕಣ್ತಪ್ಪುವ ಸಂಗತಿಯೆಂದರೆ, ತಿರುಗಿಬಿದ್ದ ಸೈನಿಕರೇ ಹಿಂದಿನ ದಿನ ಗುಂಡು ಹಾರಿಸಿದ್ದರು. ಅವರಿಗೆ ಎದುರಿಗಿದ್ದವರು ತಮ್ಮವರೆಂಬುದು ಭಾನುವಾರವೂ ಗೊತ್ತಿತ್ತು.

ಅದೇ ಸಾಮ್ರಾಜ್ಯದಲ್ಲಿ, ಅದೇ ಕಡ್ಡಾಯ ಸೇವೆಯ ಕಾನೂನಿನಡಿ, 1905ರ ಡಿಸೆಂಬರಿನಲ್ಲಿ ಮಾಸ್ಕೋ ದಂಗೆಯೆದ್ದಾಗ ರಾಜಧಾನಿಯಿಂದ ರೈಲಿನಲ್ಲಿ ತಂದಿಳಿಸಿದ ಸೆಮ್ಯೊನೊವ್‌ಸ್ಕಿ ಗಾರ್ಡ್ಸ್ ರೆಜಿಮೆಂಟು ಆ ದಂಗೆಯನ್ನು ನಿರ್ದಾಕ್ಷಿಣ್ಯವಾಗಿ ಹತ್ತಿಕ್ಕಿತ್ತು. ಹನ್ನೊಂದು ವರ್ಷಗಳಲ್ಲಿ ಬದಲಾದದ್ದು ಕಾನೂನಲ್ಲ. 1917ರ ಹೊತ್ತಿಗೆ ಪಳಗಿದ ಗಾರ್ಡ್ಸ್ ಸೈನಿಕರಲ್ಲಿ ಬಹಳ ಮಂದಿ ಮಹಾಯುದ್ಧದಲ್ಲಿ ಮಡಿದಿದ್ದರು. ರಾಜಧಾನಿಯ ಬ್ಯಾರಕ್ಕುಗಳಲ್ಲಿ ಕಿಕ್ಕಿರಿದಿದ್ದವರು ಇಂದೋ ನಾಳೆಯೋ ಯುದ್ಧರಂಗಕ್ಕೆ ಹೋಗಬೇಕಾಗಿದ್ದ ಹೊಸಬರು, ಮನೆ ಮಕ್ಕಳನ್ನು ಬಿಟ್ಟು ಬಂದ ನಡುವಯಸ್ಸಿನವರು.

ಸೈನಿಕ ಎಲ್ಲಿಯವನು ಎಂಬುದೂ ಮುಖ್ಯ. 1907ರಲ್ಲಿ ದಕ್ಷಿಣ ಫ್ರಾನ್ಸಿನ ದ್ರಾಕ್ಷಿ ಬೆಳೆಗಾರರು ಬೆಲೆ ಕುಸಿದು ಬೀದಿಗಿಳಿದಾಗ, ಬೆಜಿಯೇ ಪಟ್ಟಣದ 17ನೇ ಪದಾತಿ ರೆಜಿಮೆಂಟಿನಲ್ಲಿ ಇದ್ದವರು ಬಹುಮಟ್ಟಿಗೆ ಆ ಬೆಳೆಗಾರರ ಮಕ್ಕಳೇ. ಸರ್ಕಾರಕ್ಕೆ ಅನುಮಾನ ಬಂದು ರೆಜಿಮೆಂಟನ್ನು ಆಗ್ದ್ ಎಂಬ ಊರಿಗೆ ಸಾಗಿಸಿತು. ಆದರೆ ಅದು ಒಂದು ರಾತ್ರಿಯ ನಡಿಗೆಯಷ್ಟೇ ದೂರ. ನಾರ್ಬೋನ್ ಪಟ್ಟಣದಲ್ಲಿ ಗುಂಡೇಟಿಗೆ ಜನ ಸತ್ತ ಸುದ್ದಿ ತಿಳಿದ ಸುಮಾರು 500 ಸೈನಿಕರು ಶಸ್ತ್ರಾಗಾರದಿಂದ ಮದ್ದುಗುಂಡು ತೆಗೆದುಕೊಂಡು, ನಡೆದುಕೊಂಡೇ ಬೆಜಿಯೇಗೆ ಮರಳಿ ಜನರ ಜೊತೆ ಸೇರಿದರು. ಅನಂತರ ಅವರನ್ನು ಟುನೀಸಿಯಾದ ಗಾಫ್ಸಾಗೆ ಅಟ್ಟಲಾಯಿತು. ಈ ಸಲ ಸರ್ಕಾರ ದೂರವನ್ನು ಸರಿಯಾಗಿಯೇ ಲೆಕ್ಕ ಹಾಕಿತ್ತು ಎನ್ನಬೇಕು.

ಹಾಗೆಂದು ಸ್ವಯಂಪ್ರೇರಿತರಾಗಿ ಸೇರಿದವರು ಸದಾ ಆಜ್ಞಾಧಾರಕರು ಎಂದೂ ಹೇಳಲಾಗದು. 1930ರ ಏಪ್ರಿಲ್‌ನಲ್ಲಿ ಪೇಷಾವರದ ನಿರಾಯುಧ ಪಠಾಣರ ಮೇಲೆ ಗುಂಡು ಹಾರಿಸಲು ನಿರಾಕರಿಸಿದ ಚಂದ್ರಸಿಂಗ್ ಗಢವಾಲಿ ಮತ್ತು ಸಂಗಡಿಗರು ಸಂಬಳದ ಸೈನಿಕರು. ಊರು, ಭಾಷೆ, ಧರ್ಮ ಮೂರರಲ್ಲೂ ಆ ಜನರಿಂದ ಬೇರೆಯಾದವರು.

ಈಗ ನಿಮ್ಮ ವಾದದ ಎರಡನೆಯ ಭಾಗಕ್ಕೆ ಬರುತ್ತೇನೆ. ಕಡ್ಡಾಯ ಸೈನಿಕನನ್ನು ಪೂರ್ತಿ ನಂಬುವಂತಿಲ್ಲ ಎಂಬುದು ನಮಗಿಂತ ಚೆನ್ನಾಗಿ ಆಳುವವರಿಗೆ ಗೊತ್ತು. ಆದ್ದರಿಂದಲೇ ಅವರು ಸೇನೆಯ ಪಕ್ಕದಲ್ಲಿ ಇನ್ನೊಂದು ಪಡೆಯನ್ನು ಕಟ್ಟುತ್ತಾರೆ. ಇರಾನಿನಲ್ಲಿ ದೊರೆ ಷಾ ಅವರ ಸೇನೆಯಿಂದ ಸೈನಿಕರು ದಿನೇ ದಿನೇ ಕಳಚಿಕೊಂಡು, 1979ರ ಫೆಬ್ರವರಿ 11ರಂದು ಸೇನಾ ಮುಖ್ಯಸ್ಥರು ತಟಸ್ಥರಾಗಿರುತ್ತೇವೆಂದು ಘೋಷಿಸಿದರು; ಅಧಿಕಾರಕ್ಕೆ ಬಂದ ಹೊಸ ಆಳ್ವಿಕೆ ಅದೇ ವರ್ಷ ಕ್ರಾಂತಿ ರಕ್ಷಣಾ ಪಡೆಯನ್ನು ಕಟ್ಟಿಕೊಂಡಿತು. ಸಿರಿಯಾದಲ್ಲಿ 2011ರ ನಂತರ ಸಾವಿರಾರು ಕಡ್ಡಾಯ ಸೈನಿಕರು ಸೇನೆ ಬಿಟ್ಟು ಓಡಿದರೂ ಅಸ್ಸಾದ್ ಆಡಳಿತ ಉರುಳಲಿಲ್ಲ. ಅಧ್ಯಕ್ಷರ ಪಂಗಡದವರೇ ತುಂಬಿದ್ದ, ಅವರ ತಮ್ಮನ ಹಿಡಿತದಲ್ಲಿದ್ದ 4ನೇ ಡಿವಿಷನ್‌ನಂತಹ ಪಡೆಗಳು, ಮುಂದೆ ಹೊರದೇಶಗಳ ನೆರವು, ಅದನ್ನು ಇನ್ನೂ 13 ವರ್ಷ ಎತ್ತಿಹಿಡಿದವು. 2024ರ ಡಿಸೆಂಬರಿನಲ್ಲಿ, ಪತನಕ್ಕೆ ಕೆಲವೇ ದಿನ ಮೊದಲು, ಖಾಯಂ ಸೈನಿಕರ ಸಂಬಳವನ್ನು ಶೇ. 50ರಷ್ಟು ಏರಿಸುವ ಆದೇಶ ಹೊರಟಿತು. ಕಡ್ಡಾಯ ಸೇವೆಯ ಹುಡುಗರಿಗೆ ಅದರಲ್ಲಿ ಪಾಲಿರಲಿಲ್ಲ. ಅವರು ಸಮವಸ್ತ್ರ ಕಳಚಿ ರಸ್ತೆಬದಿಗೆ ಎಸೆದು ಮನೆಗೆ ನಡೆದರು.

ಇನ್ನೊಂದು ತೊಡಕನ್ನೂ ಹೇಳಬೇಕು. ಸೈನಿಕ ಗುಂಡು ಹಾರಿಸಲಾರ ಎಂಬ ಅಳುಕು ಸೇನಾಧಿಕಾರಿಗಳಿಗೆ ಮೊದಲೇ ತಟ್ಟುತ್ತದೆ, ಏಕೆಂದರೆ ಆಜ್ಞೆ ಕೊಟ್ಟು ಅದು ನಡೆಯದೆ ಹೋದರೆ ಅವರ ಕೈಯಲ್ಲಿ ಸೇನೆಯೇ ಉಳಿಯುವುದಿಲ್ಲ. ಆದ್ದರಿಂದ ಅವರು ಆಳುವವನನ್ನು ಕೈಬಿಟ್ಟು ಸೇನೆಯನ್ನು ಉಳಿಸಿಕೊಳ್ಳುತ್ತಾರೆ. 2011ರ ಫೆಬ್ರವರಿ 11ರಂದು ಈಜಿಪ್ಟಿನ ಮುಬಾರಕ್ ಕೆಳಗಿಳಿದಾಗ ಅಧಿಕಾರ ಹೋದದ್ದು ಸೇನಾಧಿಕಾರಿಗಳ ಪರಮೋಚ್ಚ ಮಂಡಳಿಗೆ, ಕೈರೋದ ತಹ್ರೀರ್ ಚೌಕದಲ್ಲಿ ಪ್ರತಿಭಟಿಸುತ್ತ ನಿಂತಿದ್ದ ಜನರಿಗಲ್ಲ. ಕಡ್ಡಾಯ ಸೈನಿಕನ ಹಿಂಜರಿಕೆಯು ದೊರೆಯನ್ನು ಬದಲಿಸಬಲ್ಲದು; ಮುಂದಿನ ದೊರೆ ಯಾರೆಂದು ತೀರ್ಮಾನಿಸುವ ಶಕ್ತಿ ಅದಕ್ಕೆ ಅಪರೂಪಕ್ಕೆ ಮಾತ್ರ ಇರುತ್ತದೆ.

ಪ್ರಶ್ನೆ: ಹಾಗಾದರೆ ಸೇನಾಧಿಕಾರಿಗಳೇ ದಂಗೆಯೆದ್ದರೆ ಕಡ್ಡಾಯ ಸೈನಿಕರು ಉಪಯೋಗಕ್ಕೆ ಬರುತ್ತಾರೆಯೇ?

ಉತ್ತರ: ಬಂದದ್ದುಂಟು. 1961ರ ಏಪ್ರಿಲ್‌ನಲ್ಲಿ ನಾಲ್ವರು ಫ್ರೆಂಚ್ ಜನರಲ್‌ಗಳು ಆಗ ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದ ಅಲ್ಜೀರ್ಸ್ ನಗರವನ್ನು ವಶಪಡಿಸಿಕೊಂಡಾಗ ಅವರ ಮುಂಚೂಣಿಯಲ್ಲಿದ್ದದ್ದು ಸಂಬಳಕ್ಕಾಗಿ ಸೇರಿದ, ಫ್ರೆಂಚ್ ಸೇನೆಯದೇ ಭಾಗವಾದ ವಿದೇಶಿ ದಳದ (ಫಾರಿನ್ ಲೀಜನ್) ಪ್ಯಾರಾಟ್ರೂಪರ್‌ಗಳು. ಅಲ್ಜೀರಿಯಾದಲ್ಲಿ ಕಡ್ಡಾಯ ಸೇವೆಯಲ್ಲಿದ್ದ ಹುಡುಗರ ಬಳಿ ಪುಟ್ಟ ಟ್ರಾನ್ಸಿಸ್ಟರ್ ರೇಡಿಯೊಗಳಿದ್ದವು. 23ರ ಸಂಜೆ ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಅವರು ದಂಗೆಕೋರರ ಆಜ್ಞೆ ಪಾಲಿಸಬೇಡಿ ಎಂದು ನೇರವಾಗಿ ಕೊಟ್ಟ ಆದೇಶವನ್ನು ಅವರು ಅದರಲ್ಲಿ ಕೇಳಿಸಿಕೊಂಡರು. ಅನೇಕ ಶಿಬಿರಗಳಲ್ಲಿ ಅವರು ದಂಗೆಗೆ ಕೈಜೋಡಿಸಲು ಒಪ್ಪಲಿಲ್ಲ, ಎಷ್ಟೋ ಕಡೆ ಸುಮ್ಮನೆ ಕೆಲಸ ನಿಲ್ಲಿಸಿದರು, ಮತ್ತು ಇನ್ನೆರಡು ಮೂರು ದಿನಗಳಲ್ಲಿ ದಂಗೆ ಕುಸಿದುಬಿತ್ತು. ಮುಂಚೂಣಿಯಲ್ಲಿದ್ದ ಆ ಪ್ಯಾರಾಟ್ರೂಪರ್ ರೆಜಿಮೆಂಟನ್ನು ಅದೇ ತಿಂಗಳು ವಿಸರ್ಜಿಸಲಾಯಿತು.