ಪ್ರತಿಕ್ರಿಯೆ: ಥಾರ್ ಬೇಟೆಗೆ .308 ಸಾಕಾ, .300 ಮ್ಯಾಗ್ನಮ್ ಬೇಕಾ?

ಹಾವೇರಿಯಿಂದ ನ್ಯೂಜಿಲೆಂಡಿಗೆ ಹೋಗಿ ನೆಲೆಸೀರಿ, ಲೈಸೆನ್ಸ್ ಆಗೇತಿ, ಅಲ್ಲಿನ ದಕ್ಷಿಣ ಆಲ್ಪ್ಸ್ ಪರ್ವತದ ಥಾರ್ (ಹಿಮಾಲಯ ಮೂಲದ ಕಾಡುಮೇಕೆಯಂಥ ಪ್ರಾಣಿ) ಬೇಟೆಗೆ ಯಾವ ರೈಫಲ್, .308 ಗುಂಡಿಂದು ಸಾಕಾ, ಇಲ್ಲಾ ಇನ್ನೂ ಜೋರಿನ .300 ಮ್ಯಾಗ್ನಮ್ ಬೇಕಾ ಅಂತ ಕೇಳೀರಿ. .308 ಧಾರಾಳ ಸಾಕ್ರಿ. .270, 7 ಎಂಎಂ-08 ಅನ್ನೋ ಗುಂಡಿನ ರೈಫಲ್ ಕೂಡ ಛಲೋ. ಹಗುರ ರೈಫಲ್‌ನ್ಯಾಗ ಮ್ಯಾಗ್ನಮ್ ಭುಜಕ್ಕ ಜೋರಾಗಿ ಒದೀತದ. ಆ ಅಂಜಿಕಿಗೆ ಟ್ರಿಗರ್ ಜಗ್ಗಿದ್ರ ಗುರಿ ತಪ್ಪಿ ಪ್ರಾಣಿ ಗಾಯಗೊಂಡು ನರಳ್ತದ.

ಕ್ಯಾಲಿಬರ್‌ಗಿಂತ (ಗುಂಡಿನ ಅಳತೆ) ರೈಫಲ್‌ನ ತೂಕ ಮುಖ್ಯ. ಸ್ಕೋಪ್ (ಗುರಿ ನೋಡೋ ದುರ್ಬೀನು) ಸೇರಿ ಮೂರೂವರೆ ಕೆ.ಜಿ. ಒಳಗಿರ್ಲಿ. ಊರಿಗೆ ಬಂದಾಗ ಚೀಲದಾಗ ಅಷ್ಟು ಜೋಳ ತುಂಬ್ಕೊಂಡು ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತಿ ನೋಡ್ರಿ, ಅರ್ಧ ಕೆ.ಜಿ. ಹೆಚ್ಚಾದ್ರ ಏನಾಗ್ತದ ಅಂತ ಹೆಗಲಿಗೇ ತಿಳೀತದ. (ಇಲ್ಲಿ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಜೋಳದ ಚೀಲವೇ ಸರಿ.)

ಕಟ್ಟಿಗಿ ಸ್ಟಾಕ್ (ಭುಜಕ್ಕ ಆನಿಸಿ ಹಿಡಿಯೋ ಹಿಡಿ) ಬ್ಯಾಡ. ಮಳಿ, ಹಿಮಕ್ಕ ಉಬ್ಬಿ ನಳಿಗೆಗೆ ಒತ್ತಿತಂದ್ರ ಗುರಿ ಸರೀತದ. ಸಿಂಥೆಟಿಕ್ ಸ್ಟಾಕ್, ಸ್ಟೇನ್‌ಲೆಸ್ ನಳಿಗೆ ತಗೊಳ್ರಿ.

200 ಮೀಟರಿಗೆ ಜೀರೋ ಮಾಡ್ರಿ, ಅಂದ್ರ ಅಷ್ಟು ದೂರದಾಗ ಗುಂಡು ಗುರಿಯಿಟ್ಟಲ್ಲೇ ಬೀಳೋ ಹಂಗ ಸ್ಕೋಪ್ ಹೊಂದಿಸ್ರಿ. ತೆಳು ನಳಿಗೆ ಬೇಗ ಕಾಯ್ತದ, ಮೂರು ಗುಂಡಿಗೊಮ್ಮೆ ಆರಲು ಬಿಡ್ರಿ. ಇಲ್ಲಾಂದ್ರ ಕಾದ ನಳಿಗೆಗೆ ಸ್ಕೋಪ್ ಹೊಂದಿಸಿರ್ತೀರಿ, ಬೇಟೆಯ ಮೊದಲ ಗುಂಡು ತಣ್ಣನೆ ನಳಿಗೆಯಿಂದ ಬೇರೆ ಕಡೆ ಬೀಳಬಹುದು.

ಹೊಸಬರು ಎಡವೋದು ಇಳಿಜಾರಿನ್ಯಾಗ. ಮೇಲಕ್ಕಾಗ್ಲಿ ಕೆಳಕ್ಕಾಗ್ಲಿ 30 ಡಿಗ್ರಿ ಕೋನದಾಗ 300 ಮೀಟರ್ ದೂರ ಇದ್ರ, ಗುಂಡಿನ ಇಳಿತಕ್ಕ ಲೆಕ್ಕ ಹಿಡೀಬೇಕಾದ್ದು 260 ಮೀಟರ್ ಮಾತ್ರ. ಪೂರ್ತಿ 300 ಅಂತ ಹಿಡಿದ್ರ ಗುಂಡು ಬೆನ್ನಿನ ಮ್ಯಾಲೆ ಹಾರಿ ಹೋಗ್ತದ. ಕೋನ ಲೆಕ್ಕ ಹಾಕೋ ರೇಂಜ್‌ಫೈಂಡರ್ (ದೂರ ಅಳೆಯೋ ಸಾಧನ) ಇದ್ರ ದೊಡ್ಡ ಸ್ಕೋಪ್‌ಗೆ ರೊಕ್ಕ ಸುರಿಯೋದು ಬ್ಯಾಡ, ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸೋ 3-9 ಸ್ಕೋಪ್ ಸಾಕು.

ಇನ್ನೊಂದು, ಹೊಡೆದ ಪ್ರಾಣಿ ಎಲ್ಲಿ ಉರುಳ್ತದ ಅಂತ ಮೊದಲೇ ನೋಡ್ರಿ. ನೀವು ಇಳಿಯಲಾಗದ ಕಮರಿಯ ಅಂಚಿನ್ಯಾಗ ಅದು ನಿಂತಿದ್ರ ಗುಂಡು ಹಾರಿಸಬ್ಯಾಡ್ರಿ.